ಮೊದಲು ನೀರು, ಆಮೇಲೆ ಹೆಸರು

ನಾನು ದೇವೀರಮ್ಮ. ನಮ್ಮೂರಿನ ಟೂರಿಂಗ್ ಟಾಕೀಸಿನ ಗೇಟಿನಲ್ಲಿ ಇಪ್ಪತ್ತೆರಡು ವರ್ಷ ನಿಂತು ಟಿಕೆಟ್ ಹರಿದವಳು. ಒಂದೇ ಟಿಕೆಟ್ಟಿನಲ್ಲಿ ಇಬ್ಬರು ನುಗ್ಗುವವರನ್ನು, ಹರಿದ ಟಿಕೆಟ್ಟಿಗೆ ಅನ್ನದ ಅಗುಳು ಮೆತ್ತಿ ಅಂಟಿಸಿಕೊಂಡು ಬರುವವರನ್ನು, ಹತ್ತು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು ‘ಕೈಗೂಸು ಕಣವ್ವ’ ಅನ್ನುವ ತಾಯಂದಿರನ್ನು ಹತ್ತು ಮಾರು ದೂರದಿಂದಲೇ ಗುರುತು ಹಿಡಿಯುತ್ತಿದ್ದೆ. ಟಾಕೀಸು ಮುಚ್ಚಿಹೋಯಿತು, ಡೇರೆ ಬಿಚ್ಚಿಕೊಂಡು ಹೋದರು, ಕಣ್ಣು ಮಾತ್ರ ನನ್ನ ಹತ್ತಿರವೇ ಉಳಿಯಿತು. ಆ ಕಣ್ಣಿನ ಮೇಲೆ ನನಗಿದ್ದ ಜಂಬ ಅಷ್ಟಿಷ್ಟಲ್ಲ. ಆ ಜಂಬ ಏನು ಮಾಡಿತು, ಊರೆಲ್ಲ ಸೇರಿ ಅದನ್ನು ಹೇಗೆ ಸರಿ ಮಾಡಿತು ಅನ್ನುವುದನ್ನೇ ಈಗ ಹೇಳಹೊರಟಿದ್ದೇನೆ. ಅಯ್ಯೋ, ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ!

ನಮ್ಮೂರಿಗೆ ಇ-ಮೇಲ್‌ಗಳು ನಡೆದುಕೊಂಡು ಬರುತ್ತವೆ. ಥೇಟ್ ಮನುಷ್ಯರ ಹಾಗೇ. ಬರೆದವರ ಮುಖ ಇರುವುದಿಲ್ಲ, ಬರೆದ ರೀತಿಗೆ ತಕ್ಕ ಮುಖ ಇರುತ್ತದೆ. ಕಚೇರಿಯ ಮೇಲ್ ಇಸ್ತ್ರಿ ಅಂಗಿ ತೊಟ್ಟು, ಕತ್ತು ನೆಟ್ಟಗೆ ಮಾಡಿಕೊಂಡು ಬರುತ್ತದೆ. ಸೋದರತ್ತೆಯ ಮೇಲ್ ಅಂಗಳದಿಂದಲೇ ಬೈದುಕೊಂಡು ಬರುತ್ತದೆ. ಈ ಮೇಲ್‌ನವರು ಯಾವ ಮನೆ ಮೊದಲು ಸಿಗುತ್ತದೋ ಆ ಮನೆಯ ಹೊಸ್ತಿಲಲ್ಲಿ ನಿಂತು ತಂದ ವಿಷಯದ ತಲೆಬುಡ ಒಂದಿಷ್ಟು ಹೇಳುತ್ತಾರೆ. ನಾವು ಒಂದು ಲೋಟ ನೀರು, ಒಂದು ಚೂರು ಬೆಲ್ಲ ಕೊಡುತ್ತೇವೆ. ಅದು ಗಂಟಲಲ್ಲಿ ಇಳಿದ ಮೇಲೆಯೇ ಅವರ ನಾಲಿಗೆಯಲ್ಲಿ ಹೆಸರು ಹೊರಳುವುದು. ‘ಇಂಥವರಿಗೆ ಬಂದಿದ್ದೇನೆ’ ಅನ್ನುತ್ತಾರೆ. ‘ಮೂರನೇ ಬೀದಿ, ಹುಣಿಸೆಮರದ ಪಕ್ಕದ ಮನೆ’ ಎಂದು ನಾವು ದಾರಿ ತೋರಿಸುತ್ತೇವೆ. ಉತ್ತರ ಸಿಕ್ಕಿದರೆ ಹೊತ್ತುಕೊಂಡು ಬಂದ ದಾರಿಯಲ್ಲೇ ಹೊರಟುಹೋಗುತ್ತಾರೆ. ಹತ್ತು ದಿನ ಯಾರೂ ಕೇಳಿಸಿಕೊಳ್ಳದಿದ್ದರೆ ತೆಳ್ಳಗಾಗುತ್ತಾ ಆಗುತ್ತಾ ಕರಗಿಬಿಡುತ್ತಾರೆ. ಮೊದಲು ನೀರು, ಆಮೇಲೆ ಹೆಸರು. ನಮ್ಮಜ್ಜಿ ಕಾಲದಿಂದ ಊರಿಗೆ ಯಾರೇ ಬಂದರೂ ಇದೇ ಪದ್ಧತಿ, ಮೇಲ್‌ನವರಿಗೂ ಅದೇ ನಡೆದುಕೊಂಡು ಬಂತು.

ಎಲ್ಲ ಚೆನ್ನಾಗಿಯೇ ಇತ್ತು, ಸ್ಪ್ಯಾಮಿನವರು ಬರುವ ತನಕ. ಮೊದಲು ಒಬ್ಬಿಬ್ಬರು. ಆಮೇಲೆ ಹತ್ತು, ನೂರು! ಬೋಳುತಲೆಗೆ ಕೂದಲು ತರಿಸುವ ಎಣ್ಣೆಯವನು, ಒಂದು ವಾರದಲ್ಲಿ ಹೊಟ್ಟೆ ಕರಗಿಸುವವಳು, ‘ನಿಮ್ಮ ಖಾತೆ ಇವತ್ತೇ ಬಂದ್ ಆಗುತ್ತದೆ’ ಎಂದು ಕಿರುಚುವವನು. ಅವರಲ್ಲೆಲ್ಲ ದೊಡ್ಡ ಆಸಾಮಿ ಅಂದರೆ ಕಿರೀಟ ಇಟ್ಟುಕೊಂಡು ಬರುತ್ತಿದ್ದ ರಾಜಕುಮಾರ. ಯಾವುದೋ ದೇಶದಲ್ಲಿ ಅವನಪ್ಪ ಸತ್ತನಂತೆ, ಖಜಾನೆಯ ಬೀಗ ತೆಗೆಯಲು ನಮ್ಮ ಸಹಾಯವೇ ಬೇಕಂತೆ. ಅವನಿಗೂ ನೀರು ಬೆಲ್ಲ ಕೊಡಬೇಕು! ಕುಡಿದಾದ ಮೇಲೆ ಯಾರಿಗೆ ಬಂದೆಯಪ್ಪಾ ಅಂದರೆ ‘ಪ್ರಿಯ ಮಿತ್ರರಿಗೆ’ ಅನ್ನುತ್ತಾನೆ. ಯಾವ ಮಿತ್ರ, ಎಲ್ಲಿಯ ಮಿತ್ರ? ಮುದ್ದೆ ಮುರಿಯಲು ಕೈ ಹಾಕಿದರೆ ಬಾಗಿಲಲ್ಲಿ ಒಬ್ಬ, ಕೈ ತೊಳೆದು ಬಂದರೆ ಇನ್ನೊಬ್ಬ. ಊರ ಬಾಗಿಲ ಹತ್ತಿರದ ಮನೆಯವರಿಗಂತೂ ತಲೆ ಚಿಟ್ಟು ಹಿಡಿಯಿತು. ಆಲೆಮನೆಯಿಂದ ತಂದ ಬೆಲ್ಲ ಸಂಕ್ರಾಂತಿಗೆ ಮುಂಚೆಯೇ ಖಾಲಿಯಾಗಿ, ಆ ವರ್ಷ ಹಬ್ಬಕ್ಕೆ ಊರಲ್ಲಿ ಸಿಹಿ ಪೊಂಗಲ್ ಇಲ್ಲ!

ನಮ್ಮ ಪಂಚಾಯಿತಿ ಅಧ್ಯಕ್ಷ ಬೋರಲಿಂಗಯ್ಯ ಸಭೆ ಕರೆದ. ಅವನದು ಮೊದಲೇ ದೊಡ್ಡ ಗಂಟಲು. “ಊರಬಾಗ್ಲಿಗೆ ಒಂದು ಗೇಟ್ ಹಾಕ್ಸಣ. ಬಂದೋರ್ನ ಅಲ್ಲೇ ನಿಲ್ಸಿ ನೋಡೋದು. ಸಾಚಾ ಆದ್ರೆ ಒಳಕ್ಕೆ, ಸ್ಪ್ಯಾಮ್ ಆದ್ರೆ ಆಚೆಗೆ. ಗೇಟಲ್ಲಿ ನೀರೂ ಇಲ್ಲ ಬೆಲ್ಲಾನೂ ಇಲ್ಲ. ಏನಂತೀರಿ?” ಅಂದ. “ಸಾಚಾನೋ ಸುಳ್ಳೋ ನೋಡೋರು ಯಾರು?” ಎಂದು ಯಾರೋ ಕೇಳಿದರು. ಇಡೀ ಸಭೆಯ ಕತ್ತು ನನ್ನ ಕಡೆ ತಿರುಗಿತು. ಬೇಡ ಬೇಡ ಎಂದು ಬಾಯಲ್ಲಿ ಅಂದೆ, ಕಾಲು ಆಗಲೇ ಎದ್ದು ನಿಂತಿತ್ತು. ಯಾಕೆ ಸುಳ್ಳು ಹೇಳಲಿ, ಟಾಕೀಸು ಮುಚ್ಚಿದ ಮೇಲೆ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಗೇಟು ಬಂತು, ಪಕ್ಕದಲ್ಲಿ ನನಗೊಂದು ಸ್ಟೂಲು ಬಂತು. ಮೊದಲ ವಾರ ಸುಮ್ಮನೆ ನೋಡಿದೆ, ಎರಡನೇ ವಾರ ಮೂರು ಗುರುತು ಕಂಡುಹಿಡಿದೆ. ಕುಶಲ ಕೇಳುವ ಮುಂಚೆಯೇ ಅಭಿನಂದನೆ ಹೇಳುವವನು ಒಂದು. ತಕ್ಷಣ, ಇವತ್ತೇ, ಈಗಲೇ ಎಂದು ಆತುರ ಪಡಿಸುವವನು ಎರಡು. ನಿಮ್ಮ ಗುರುತಿನ ಚೀಟಿ ಕೊಡಿ, ವಿವರ ಕೊಡಿ ಅನ್ನುವವನು ಮೂರು. ಈ ಮೂರೂ ಸೇರಿದರೆ ಬ್ರಹ್ಮ ಬಂದರೂ ನನ್ನ ಗೇಟು ದಾಟುವಂತಿಲ್ಲ. “ನಡಿ ಆಚೆ!” ಅನ್ನುತ್ತಿದ್ದೆ. ಮೇಲ್‌ನವರ ಸ್ವಭಾವ ಹೇಗೆಂದರೆ, ಆಚೆ ಅಂದರೆ ಜಗಳ ಆಡುವುದಿಲ್ಲ, ಸುಮ್ಮನೆ ಆಚೆ ಹೋಗಿ ಹಳೆಯ ಟಾಕೀಸ್ ಬಯಲಿನಲ್ಲಿ ಕೂರುತ್ತಾರೆ. ಒಂದೇ ತಿಂಗಳಲ್ಲಿ ಬೀದಿಗಳೆಲ್ಲ ನಿಶ್ಶಬ್ದವಾದವು. ಜನ ಕೂತು ನೆಮ್ಮದಿಯಾಗಿ ಉಂಡರು. ಬೋರಲಿಂಗಯ್ಯ ನನಗೆ ಶಾಲು ಹೊದಿಸಿ, ಹಾರ ಹಾಕಿ, ಮಂಡಕ್ಕಿ ಹಂಚಿದ. ನಾನು ಆ ಹಾರವನ್ನು ಬಾಡಿ ಒಣಗುವ ತನಕ ಸ್ಟೂಲಿಗೇ ತೂಗುಹಾಕಿಕೊಂಡಿದ್ದೆ, ನೋಡಿ ನನ್ನ ಬುದ್ಧಿಯನ್ನು!

ಈಗ ಭಾಗೀರಥಿಯ ವಿಷಯ ಹೇಳಬೇಕು. ನನ್ನ ಪಕ್ಕದ ಮನೆಯವಳು. ಗಂಡ ನಿಂಗರಾಜು ಸ್ಟೌ, ಕುಕ್ಕರ್ ರಿಪೇರಿ ಮಾಡುತ್ತಾನೆ. ಮದುವೆಯಾಗಿ ಹದಿನಾಲ್ಕು ವರ್ಷ, ಮಕ್ಕಳಾಗಲಿಲ್ಲ. ದತ್ತು ತೆಗೆದುಕೊಳ್ಳುತ್ತೇವೆ ಎಂದು ದೊಡ್ಡ ಊರಿನ ಕಚೇರಿಯಲ್ಲಿ ಹೆಸರು ಬರೆಸಿ ಆರು ವರ್ಷವಾಗಿತ್ತು. ಸರದಿ ಬಂದಾಗ ಮೇಲ್ ಬರುತ್ತದೆ ಎಂದಿದ್ದರಂತೆ. ಆ ಆರು ವರ್ಷದಲ್ಲಿ ಅವಳು ಆರು ಕುಲಾವಿ ಹೊಲಿದಿಟ್ಟಿದ್ದಳು, ಒಂದೊಂದೂ ಒಂದೊಂದು ಅಳತೆ. “ಎಷ್ಟ್ ದೊಡ್ಡ ಕೂಸು ಬರುತ್ತೋ ಗೊತ್ತಿಲ್ವಲ್ಲಕ್ಕ, ಯಾವ್ದಾದ್ರೂ ಒಂದು ಆಯ್ತದೆ,” ಅನ್ನುತ್ತಿದ್ದಳು. ದಿನಾ ಸಂಜೆ ಹೂ ಕಟ್ಟಿಕೊಂಡು ಗೇಟಿಗೆ ಬಂದು ನನ್ನ ಪಕ್ಕ ಕೂರುವಳು. “ಇವತ್ತಾದ್ರೂ ಬಂತಾ ಅಕ್ಕ?” “ಬಂದ್ರೆ ನಾನೇ ಓಡ್ಬಂದು ಹೇಳ್ತೀನಿ ಕಣವ್ವ. ಹೆಂಗಿರ್ತದೆ ಆ ಮೇಲು?” “ಸರ್ಕಾರಿ ಕಾಗ್ದ ಅಲ್ವಾ, ಕನ್ನಡ್ಕ ಹಾಕ್ಕೊಂಡು ಗಂಭೀರವಾಗಿ ಬತ್ತದೆ.” ಅದನ್ನೇ ನಾನೂ ಮನಸ್ಸಿನಲ್ಲಿ ಇಟ್ಟುಕೊಂಡೆ. ಕನ್ನಡಕದವರು ಯಾರೇ ಬರಲಿ, ಎದ್ದು ನಿಂತು ಒಳಗೆ ಬಿಡುತ್ತಿದ್ದೆ.

ಅಷ್ಟರಲ್ಲಿ ಸ್ಪ್ಯಾಮಿನವರು ಹುಷಾರಾಗಿದ್ದರು. ಬಯಲಿನಲ್ಲಿ ಕೂತು ಕೂತು ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರೋ ಏನೋ! ಹೊಸದಾಗಿ ಬಂದವರು ಅಭಿನಂದನೆಯ ಸುದ್ದಿಯನ್ನೇ ಎತ್ತುವುದಿಲ್ಲ. “ದೇವೀರಕ್ಕ, ಮಂಡಿ ನೋವು ಹೆಂಗದೆ? ಎಣ್ಣೆ ಹಚ್ಕೊಂಡ್ರಾ?” ಎಂದು ಶುರು ಮಾಡುತ್ತಿದ್ದರು. ಆತುರವಿಲ್ಲ, ಚೀಟಿ ಕೇಳುವುದಿಲ್ಲ. ನನಗೆ ಎಷ್ಟು ಹಿತವಾಗುತ್ತಿತ್ತೆಂದರೆ “ಹೋಗಪ್ಪ ಹೋಗು, ಒಳ್ಳೇ ಮನೆಯೋನು” ಎಂದು ಬಿಟ್ಟುಬಿಡುತ್ತಿದ್ದೆ. ಒಳಗೆ ಹೋದವನೇ ಯಾರದೋ ಮನೆಯಲ್ಲಿ ನೀರು ಕುಡಿದು ‘ಪ್ರಿಯ ಗ್ರಾಹಕರಿಗೆ’ ಎಂದು ಎಣ್ಣೆ ಶೀಶೆ ತೆಗೆಯುತ್ತಿದ್ದ. ಜನ ಬಂದು ಹೇಳಿದರೂ ನಾನು ನಂಬಲಿಲ್ಲ. ನನ್ನ ಕಣ್ಣು ತಪ್ಪುತ್ತದೆಯೇ?

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಗಿಳಿಹಸಿರು ಸೀರೆಯ ಹೆಂಗಸೊಬ್ಬಳು ಓಡಿಕೊಂಡು ಬಂದಳು. ಓಡುವುದು ಅಂದರೆ ಸುಮ್ಮನೆ ಓಟವಲ್ಲ, ಸೆರಗು ಸಿಕ್ಕಿಸಿಕೊಂಡು, ನಗುತ್ತಾ, ಏದುಸಿರು ಬಿಡುತ್ತಾ! “ಅಭಿನಂದನೆಗಳು! ಕೊನೆಗೂ ನಿಮ್ಮ ಸರದಿ ಬಂದಿದೆ! ಬಹಳ ವರ್ಷದಿಂದ ನೀವು ಕಾಯುತ್ತಿದ್ದದ್ದು ನಿಮಗಾಗಿ ಕಾಯುತ್ತಿದೆ! ತಕ್ಷಣ ಉತ್ತರ ಕೊಡಿ, ತಡವಾದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ! ಗುರುತಿನ ಚೀಟಿ, ವಿವರ ಎಲ್ಲ ತಯಾರಾಗಿ ಇಟ್ಟುಕೊಳ್ಳಿ!” ಎಂದಳು. ನಾನು ಸ್ಟೂಲಿನಿಂದ ಏಳಲೂ ಇಲ್ಲ. ಒಂದು, ಎರಡು, ಮೂರು ಎಂದು ಬೆರಳು ಮಡಿಸಿದೆ. “ಬಾರವ್ವ ಮಹಾತಾಯಿ, ನಿನ್ನಂಥೋರ್ನ ಎಷ್ಟ್ ಜನ ನೋಡಿಲ್ಲ. ನಡಿ ಆಚೆ!” ಅವಳ ಮುಖ ಸಪ್ಪಗಾಯಿತು. ಏನೋ ಹೇಳಲು ಬಾಯಿ ತೆರೆದು, ನನ್ನ ಪಕ್ಕ ಕೊಡ ಲೋಟ ಏನಾದರೂ ಇದೆಯೇ ಎಂದು ನೋಡಿದಳು. ಇರಲಿಲ್ಲ. ತಿರುಗಿ ಬಯಲಿನ ಕಡೆ ಹೋದಳು.

ಸಂಜೆ ಭಾಗೀರಥಿ ಬಂದಾಗ ನಾನು ಅದನ್ನೇ ಅಭಿನಯ ಮಾಡಿ ತೋರಿಸಿದೆ. ಸೆರಗು ಸಿಕ್ಕಿಸಿಕೊಂಡು, ಕೈ ಬೀಸಿ, “ಕೊನೆಗೂ ನಿಮ್ಮ ಸರದಿ ಬಂದಿದೆ!” ಅಂದೆ. ಭಾಗೀರಥಿ ಹೂ ಕಟ್ಟುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇನ್ನೊಂದ್ ಸಲ ಮಾಡಕ್ಕ, ಇನ್ನೊಂದ್ ಸಲ!” ಅಂದಳು. ಮಾಡಿದೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಹತ್ತು ದಿನ ಕಳೆಯಿತು. ಹತ್ತನೇ ದಿನ ಹನ್ನೆರಡೂವರೆ ಗಂಟೆಗೆ ನಿಂಗರಾಜು ಬರಿಗಾಲಲ್ಲಿ ಅಂಗಡಿಯಿಂದ ಗೇಟಿಗೆ ಓಡಿಬಂದ. ಹಿಂದೆಯೇ ಭಾಗೀರಥಿ. ಸುಮ್ಮನೆ ವಿಚಾರಿಸೋಣ ಎಂದು ಕಚೇರಿಗೆ ಫೋನ್ ಮಾಡಿದ್ದನಂತೆ. “ಮೇಲ್ ಕಳ್ಸಿ ಹತ್ತು ದಿನ ಆಯ್ತಂತೆ ದೇವೀರಕ್ಕ! ಇವತ್ತು ಸಂಜೆ ಐದ್ ಗಂಟೆ ಒಳಗೆ ಉತ್ತರ ಹೋಗ್ಬೇಕಂತೆ. ಫೋನಲ್ಲಿ ಒಪ್ಕೊಳಲ್ವಂತೆ, ಬಂದ ಮೇಲ್ ಕೈಲೇ ಕೊಟ್ಟು ಕಳಿಸ್ಬೇಕಂತೆ. ಇಲ್ದಿದ್ರೆ ಪಟ್ಟೀಲಿ ಮುಂದಿನೋರಿಗೆ...” ಎಂದ. ಪಟ್ಟಿಯಲ್ಲಿ ಮುಂದಿನವರಿಗೆ. ಆ ಮಾತು ಕಿವಿಗೆ ಬಿದ್ದದ್ದೇ ಗಿಳಿಹಸಿರು ಸೀರೆ ಕಣ್ಣ ಮುಂದೆ ಬಂತು. ಭಾಗೀರಥಿಯ ಮುಖ ನೋಡಿದೆ. ಅವಳಿಗೂ ಅದೇ ಕ್ಷಣಕ್ಕೆ ಹೊಳೆದಿತ್ತು. “ಅಕ್ಕಾ, ನಾವ್ ನಗಾಡಿದ್ವಲ್ಲ...” ಅಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು, ಅವಳು ಬೈಯಲಿಲ್ಲ.

ನಾನು ಮಂಡಿ ನೋವನ್ನು ಮರೆತು ಟಾಕೀಸ್ ಬಯಲಿಗೆ ಓಡಿದೆ. ಎಷ್ಟು ದಿನವಾಗಿತ್ತು ಆ ಕಡೆ ಕಾಲಿಟ್ಟು! ಪರದೆ ಕಟ್ಟುತ್ತಿದ್ದ ಎರಡು ಕಂಬಗಳ ನಡುವೆ ಸಾವಿರಾರು ಜನ ಕೂತಿದ್ದರು. ನಾನೇ ಆಚೆ ಕಳಿಸಿದವರು. ಮುಂದಿನ ಸಾಲಿನವರು ಇನ್ನೂ ಗಟ್ಟಿಯಾಗಿದ್ದರು, ಹಿಂದಕ್ಕೆ ಹೋದಂತೆ ತೆಳ್ಳಗೆ, ಅವರ ಮೂಲಕ ಹಿಂದಿನ ಬೇಲಿ ಕಾಣುವಷ್ಟು ತೆಳ್ಳಗೆ. ಬಣ್ಣವೆಲ್ಲ ಹೋಗಿತ್ತು. ಗಿಳಿಹಸಿರು ಸೀರೆ ಯಾವುದು, ಕೆಂಪು ಯಾವುದು, ದೇವರಾಣೆ ತಿಳಿಯಲಿಲ್ಲ. “ಅಭಿನಂದನೆ ಹೇಳಿದೋರು ಯಾರ್ರಪ್ಪಾ?” ಎಂದು ಕೂಗಿದೆ. “ಅಭಿನಂದನೆಗಳು!” ಎಂದು ಇಡೀ ಬಯಲೇ ಕೂಗಿತು. ಇಪ್ಪತ್ತೆರಡು ವರ್ಷದ ಕಣ್ಣು ಅವತ್ತು ಕೆಲಸಕ್ಕೆ ಬರಲಿಲ್ಲ.

ಹುಡುಕುವುದಕ್ಕೆ ಇದ್ದದ್ದು ಒಂದೇ ದಾರಿ. ಎಲ್ಲರಿಗೂ ನೀರು ಬೆಲ್ಲ ಕೊಟ್ಟು ಹೆಸರು ಹೇಳಿಸಬೇಕು. ಒಬ್ಬರನ್ನೂ ಬಿಡದೆ! ವಾಪಸ್ ಓಡಿಬಂದು ಊರ ನಡುವೆ ನಿಂತು ಬಾಯಿ ಬಡಿದುಕೊಂಡೆ. “ತಪ್ಪಾಯ್ತು ಕಣ್ರಪ್ಪೋ! ಭಾಗೀರಥಿ ಕೂಸಿನ್ ಮೇಲ್ನ ನಾನೇ ಆಚೆ ಕಳಿಸ್‌ಬಿಟ್ಟೆ! ಕೊಡ ಎತ್ಕಳಿ, ಬೆಲ್ಲ ಎತ್ಕಳಿ, ಬನ್ನಿ!” ಜನ ಬಾಗಿಲುಗಳಲ್ಲಿ ಬಂದು ನಿಂತು ನೋಡಿದರು. ಆಮೇಲೆ ಬೋರಲಿಂಗಯ್ಯ ಅಂಗಿ ತೋಳು ಮಡಿಸಿ, ಪಂಚಾಯಿತಿಯ ಹಿತ್ತಾಳೆ ಹಂಡೆಯನ್ನೇ ಹೆಗಲಿಗೆ ಎತ್ತಿಕೊಂಡ. “ನಿಂತ್ಕೊಂಡ್ ಏನ್ ನೋಡ್ತೀರಲೇ, ನಡೀರಿ!” ಎಂದು ಗರ್ಜಿಸಿದ. ಓ ನನ್ನಪ್ಪಾ, ಏನು ಹೇಳಲಿ! ಬಾಗಿಲು ಬಾಗಿಲಿನಿಂದ ಜನ ಹೊರಬಿದ್ದರು. ಹಬ್ಬಕ್ಕೆಂದು ಮುಚ್ಚಿಟ್ಟ ಬೆಲ್ಲದ ಅಚ್ಚು, ಬಾಣಂತಿಗೆಂದು ತೆಗೆದಿಟ್ಟ ಬೆಲ್ಲ, ಮಡಕೆಯ ತಳದಲ್ಲಿ ಅಂಟಿಕೊಂಡ ಬೆಲ್ಲ, ಎಲ್ಲ ಬಂತು. ಕೊಡ, ಬಿಂದಿಗೆ, ಹಾಲಿನ ಕ್ಯಾನು, ಕೈಗೆ ಸಿಕ್ಕಿದ್ದೆಲ್ಲ ಬಂತು. ನಿಂಗರಾಜು ರಿಪೇರಿಗೆ ಬಂದಿದ್ದ ಕುಕ್ಕರ್‌ಗಳಲ್ಲೇ ನೀರು ತುಂಬಿಸಿಕೊಂಡು ಬಂದ.

ಬಯಲು ಗಿಜಿಗುಟ್ಟಿತು. ಒಬ್ಬರು ನೀರು ಕೊಟ್ಟರೆ ಇನ್ನೊಬ್ಬರು ಬೆಲ್ಲ, ಮೂರನೆಯವರು ಕಿವಿಗೊಟ್ಟು ಹೆಸರು ಕೇಳುವುದು. “ಪ್ರಿಯ ಗ್ರಾಹಕರಿಗೆ!” “ಮುಂದೆ!” “ಅದೃಷ್ಟಶಾಲಿಗಳಿಗೆ!” “ಮುಂದೆ, ಮುಂದೆ!” ನೂರಕ್ಕೆ ತೊಂಬತ್ತು ಹೀಗೆಯೇ. ಆದರೆ ನಡುನಡುವೆ ನಿಜವಾದ ಹೆಸರುಗಳೂ ಬಂದವು ನೋಡಿ! ಬೋರಲಿಂಗಯ್ಯನಿಗೆ ಅವನ ಹಳೆಯ ಮೇಷ್ಟ್ರ ಮೇಲ್ ಸಿಕ್ಕಿತು, ಅಷ್ಟು ದೊಡ್ಡ ಗಂಟಲಿನ ಮನುಷ್ಯ ಅಲ್ಲೇ ಕೂತು ಕಣ್ಣೊರೆಸಿಕೊಂಡ. ನಾನು ನೀರು ಕೊಟ್ಟ ಒಬ್ಬ ತೆಳ್ಳನೆಯ ಹುಡುಗ “ದೇವೀರಮ್ಮನವರಿಗೆ” ಅಂದ. ಟಾಕೀಸಿನಲ್ಲಿ ರೀಲು ಬಿಡುತ್ತಿದ್ದ ಆಪರೇಟರ್ ತನ್ನ ಮಗಳ ಮದುವೆಗೆ ಕರೆದಿದ್ದ. ಮದುವೆ ಹಿಂದಿನ ದಿನವೇ ಮುಗಿದಿತ್ತು. ಅಳುವುದಕ್ಕೂ ಹೊತ್ತಿರಲಿಲ್ಲ, ಮುಂದಿನವರಿಗೆ ಲೋಟ ಹಿಡಿದೆ.

ಎರಡು ಗಂಟೆಯಾಯಿತು, ಮೂರಾಯಿತು. ಬೇಲಿಯ ಹತ್ತಿರದ ಕೊನೆಯ ಸಾಲಿನಲ್ಲಿ ಒಬ್ಬೊಬ್ಬರೇ ಕಣ್ಣೆದುರಿಗೇ ಕರಗುತ್ತಿದ್ದರು. “ಅಲ್ಲಿಂದ ಶುರು ಮಾಡ್ರಪ್ಪೋ!” ಎಂದು ಭಾಗೀರಥಿ ಕಿರುಚಿದಳು. ಇಬ್ಬರೂ ಅಲ್ಲಿಗೆ ಓಡಿದೆವು. ಬೇಲಿಗೆ ಒರಗಿಕೊಂಡು ಒಂದು ಆಕಾರ ಕೂತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು! ಲೋಟ ಕೊಟ್ಟರೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಹಿಡಿಯುವಷ್ಟು ಕೈಯೇ ಉಳಿದಿರಲಿಲ್ಲ. ನಾನು ಬೆಲ್ಲವನ್ನು ನೀರಿನಲ್ಲಿ ಕಿವುಚಿ, ಅಂಗೈಯಲ್ಲಿ ಹಿಡಿದು, ಹನಿ ಹನಿಯಾಗಿ ತುಟಿಗೆ ಬಿಟ್ಟೆ. ಮೂರನೇ ಹನಿಗೆ ಗಂಟಲು ಆಡಿತು. ಸೀರೆಯ ಅಂಚಿನಲ್ಲಿ ಒಂದಿಷ್ಟು ಹಸಿರು ಮೂಡಿತು. “ಭಾಗೀರಥಿಯವರಿಗೆ, ನಿಂಗರಾಜುರವರಿಗೆ,” ಅಂದಳು, ಪಿಸುಮಾತಿನಲ್ಲಿ. “ಹೆಣ್ಣು ಮಗು. ಎಂಟು ತಿಂಗಳು. ಎರಡು ಹಲ್ಲು ಬಂದಿದೆ. ಉತ್ತರ ಏನು?” ಭಾಗೀರಥಿ ನೆಲದ ಮೇಲೆ ಕೂತುಬಿಟ್ಟಳು. ಅಳುತ್ತಾಳೋ ನಗುತ್ತಾಳೋ ಗೊತ್ತಾಗಲಿಲ್ಲ. “ಬತ್ತೀವಿ,” ಅಂದಳು. “ಬತ್ತೀವಿ ಅಂತ ಹೇಳವ್ವ. ಅವಳ್ನ ಯಾರಿಗೂ ಕೊಡ್‌ಬೇಡಿ ಅಂತ ಹೇಳು.”

ಉತ್ತರವೇನೋ ಸಿಕ್ಕಿತು. ಆದರೆ ಒಯ್ಯುವವಳಿಗೆ ಎದ್ದು ನಿಲ್ಲುವ ತ್ರಾಣವಿಲ್ಲ! ಎರಡು ಹೆಜ್ಜೆ ಇಟ್ಟು ಕುಸಿದಳು. ಮೇಲ್‌ನವರು ಹೋಗುವ ದಾರಿಯಲ್ಲಿ ನಾವು ಹೋಗುವಂತಿಲ್ಲ, ಗುಡ್ಡದ ತಿರುವಿನ ಆಚೆ ಆ ದಾರಿ ನಮ್ಮ ಕಾಲಿಗೆ ಸಿಗುವುದೇ ಇಲ್ಲ. ಗಂಟೆ ನಾಲ್ಕಾಗುತ್ತಾ ಬಂದಿತ್ತು. ನಾನು ಬಯಲಿನ ಕಡೆ ತಿರುಗಿ ಕೈಮುಗಿದೆ. “ನಿಮ್ಮನ್ನೆಲ್ಲ ನಾಯಿ ಅಟ್ಟಿದಂಗೆ ಅಟ್ಟಿದೀನಿ. ನನ್ ಮಕ ನೋಡ್‌ಬೇಡಿ, ಆ ಕೂಸಿನ್ ಮಕ ನೋಡಿ. ಇವಳ್ನ ಹೊತ್ಕೊಂಡೋಗೋರು ಯಾರಾದ್ರೂ ಇದೀರಾ?”

ಜನ ಸರಿದು ದಾರಿ ಬಿಟ್ಟರು. ಕಿರೀಟದವನು ಬಂದ! ಆಗ ತಾನೇ ಬೋರಲಿಂಗಯ್ಯನ ಕೈಯಿಂದ ಎರಡು ಲೋಟ ನೀರು ಕುಡಿದು, ಮೀಸೆ ಒರೆಸಿಕೊಂಡು ಬಂದ. “ಪ್ರಿಯ ಮಿತ್ರರೇ, ನಾನು ಒಂದೇ ದಿನದಲ್ಲಿ ಲಕ್ಷ ಬಾಗಿಲು ತಟ್ಟಿದವನು. ನನಗಿಂತ ವೇಗವಾಗಿ ಓಡುವವರು ಯಾರಿದ್ದಾರೆ?” ಎಂದವನೇ ಗಿಳಿಹಸಿರು ಸೀರೆಯವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿದ. ಏನು ಓಟ ಅಂತೀರಿ! ಹಿಂದೆಯೇ ಎಣ್ಣೆಯವನು, ಹೊಟ್ಟೆ ಕರಗಿಸುವವಳು, ಖಾತೆ ಬಂದ್ ಮಾಡುವವನು, ಎಲ್ಲರೂ ದಾರಿ ಬಿಡಿಸುತ್ತಾ “ತಕ್ಷಣ! ಇವತ್ತೇ! ಈಗಲೇ!” ಎಂದು ಕೂಗುತ್ತಾ ಓಡಿದರು. ಗುಡ್ಡದ ತಿರುವಿನಲ್ಲಿ ಕಿರೀಟ ಒಂದು ಸಲ ಫಳ್ಳೆಂದು ಹೊಳೆದು ಮರೆಯಾಯಿತು. ನಾವೆಲ್ಲ ಖಾಲಿ ಕೊಡ ಹಿಡಿದುಕೊಂಡು ನಿಂತೆವು.

ಐದಕ್ಕೆ ಹತ್ತು ನಿಮಿಷ ಇರುವಾಗ ನಿಂಗರಾಜುವಿನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅವನ ಎರಡೂ ಕೈಯಲ್ಲಿ ಕುಕ್ಕರ್ ಇತ್ತು, ಬೋರಲಿಂಗಯ್ಯನೇ ತೆಗೆದು ಒತ್ತಿ ಅವನ ಕಿವಿಗೆ ಹಿಡಿದ. ಆ ಕಡೆಯಿಂದ ಕಚೇರಿಯವರು ಎಷ್ಟು ಗಟ್ಟಿಯಾಗಿ ಕೂಗುತ್ತಿದ್ದರೆಂದರೆ ನಮಗೆಲ್ಲ ಕೇಳಿಸಿತು. “ಉತ್ತರ ಬಂತು ಕಣ್ರೀ, ಸೋಮವಾರ ಬಂದು ಮಗೂನ ನೋಡಿ! ಆದ್ರೆ ಯಾರ್ರೀ ಈ ಕಿರೀಟದ ಮನುಷ್ಯ? ಖಜಾನೆ ಬೀಗ ತೆಗೀಬೇಕು ಅಂತ ನಮ್ ಸಾಹೇಬ್ರ ಮುಂದೆ ಕೂತ್‌ಬಿಟ್ಟಿದ್ದಾನೆ!” ಬಯಲಿನಲ್ಲಿ ಎದ್ದ ಕೇಕೆಗೆ ಬೇಲಿಯ ಮೇಲಿದ್ದ ಕೊಕ್ಕರೆಗಳೆಲ್ಲ ಹಾರಿಹೋದವು. ಭಾಗೀರಥಿ ನನ್ನನ್ನು ತಬ್ಬಿಕೊಂಡಳು. ನಾನು ಅವಳ ಹೆಗಲ ಮೇಲೆ ತಲೆಯಿಟ್ಟು, ನಾಚಿಕೆಯಿಲ್ಲದೆ, ಗೋಳೋ ಎಂದು ಅತ್ತೆ.

ಗೇಟು ಈಗಲೂ ಇದೆ, ಹಗಲೂ ರಾತ್ರಿ ತೆರೆದೇ ಇರುತ್ತದೆ. ಪಕ್ಕದಲ್ಲಿ ಎರಡು ಹಂಡೆ, ಒಂದು ಬೆಲ್ಲದ ಡಬ್ಬ, ಸ್ಟೂಲಿನ ಮೇಲೆ ನಾನು. ಬಂದವರಿಗೆಲ್ಲ ಮೊದಲು ನೀರು, ಆಮೇಲೆ ಹೆಸರು. ಹೆಸರಿಲ್ಲದವರನ್ನು ನೆರಳಲ್ಲಿ ಕೂರಿಸಿ, ಅವರ ಪುರಾಣ ಒಂದಿಷ್ಟು ಕೇಳಿ, ಕಳಿಸಿಕೊಡುತ್ತೇನೆ. ಕೆಲಸ ಮೂರು ಪಟ್ಟಾಗಿದೆ, ಮಂಡಿ ನೋವೂ ಜಾಸ್ತಿಯಾಗಿದೆ. ಹಬ್ಬಕ್ಕೆ ಬೆಲ್ಲ ಸಾಲುವುದಿಲ್ಲ ಎಂದು ಜನ ಗೊಣಗುತ್ತಾರೆ, ಗೊಣಗುತ್ತಲೇ ಡಬ್ಬಕ್ಕೆ ತಂದು ಹಾಕುತ್ತಾರೆ. ರಾಜಕುಮಾರ ಮಂಗಳವಾರ ಮಂಗಳವಾರ ಬರುತ್ತಾನೆ. ಅವನಪ್ಪ ಇನ್ನೂ ಸಾಯುತ್ತಲೇ ಇದ್ದಾನೆ, ಪಾಪ!

ಕಚೇರಿಯವರ ಕೆಲಸವೆಲ್ಲ ಮುಗಿದು, ಭಾಗೀರಥಿ, ನಿಂಗರಾಜು ಮಗುವನ್ನು ಕರೆದುಕೊಂಡು ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಬಸ್ಸಿಳಿದು ಗೇಟಿನ ಹತ್ತಿರ ಬರುವ ಮುಂಚೆಯೇ ಕೂಗು ಕೇಳಿಸಿತು. ಕುಶಲವಿಲ್ಲ, ನಮಸ್ಕಾರವಿಲ್ಲ, ಮೂತಿ ಕೆಂಪಗೆ ಮಾಡಿಕೊಂಡು, ಕೈಕಾಲು ಒದೆಯುತ್ತಾ, ಏನು ಬೇಕೋ ಅದು ಈಗಲೇ, ಈ ಕ್ಷಣವೇ ಬೇಕು ಎಂದು ಊರು ಎದ್ದು ಕೂರುವ ಹಾಗೆ ಕಿರುಚುತ್ತಿದ್ದಳು. ತಲೆಯ ಮೇಲೆ ಎರಡನೇ ಅಳತೆಯ ಕುಲಾವಿ ಸರಿಯಾಗಿ ಕೂತಿತ್ತು. ನಾನು ಸ್ಟೂಲಿನಿಂದ ಎದ್ದೆ. ಬೆಲ್ಲದ ನೀರಿನಲ್ಲಿ ಬೆರಳದ್ದಿ ಅವಳ ತುಟಿಗೆ ಮುಟ್ಟಿಸಿದೆ. ಥಟ್ಟನೆ ಅಳು ನಿಲ್ಲಿಸಿ, ನನ್ನ ಬೆರಳನ್ನು ಎರಡು ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿ ಹಿಡಿದುಕೊಂಡು, ಕಣ್ಣರಳಿಸಿ ನನ್ನನ್ನೇ ನೋಡಿದಳು.

“ಈಗ ಹೇಳ್ರವ್ವ,” ಅಂದೆ, “ಹೆಸರೇನಿಟ್ರಿ?”